ನೆನೆಯುವ ವಿದ್ಯೆ: ಮಾಹಿತಿ ವಿಜ್ಞಾನ ವಿಭಾಗಗಳ ಸಾಧನೆ ಮತ್ತು ಸನ್ಮಾನದ ಚರಿತ್ರೆ

ಪ್ರವೇಶ

ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗಗಳಲ್ಲಿ ಆಗಸ್ಟ್ 12ರಂದು ಸಮಾರಂಭ ಏರ್ಪಡಿಸುವ ರೂಢಿಯಿದೆ. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಹೆಸರಾದ ಎಸ್.ಆರ್. ರಂಗನಾಥನ್ (1892–1972) ಅವರ ಜನ್ಮದಿನವನ್ನು ಗ್ರಂಥಪಾಲಕರ ದಿನವೆಂದು ಆಚರಿಸುವ ಸಂದರ್ಭವದು. ವೇದಿಕೆಯ ಒಂದು ಬದಿಗೆ ರಂಗನಾಥನ್ ಅವರ ಭಾವಚಿತ್ರ, ಅದಕ್ಕೊಂದು ಹೂವಿನ ಹಾರ, ಎದುರಿಗೆ ದೀಪ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿಗಳಾದ ಮೇಲೆ ಆ ವರ್ಷ ಪದಕ ಪಡೆದ ವಿದ್ಯಾರ್ಥಿಗಳನ್ನೂ ಪಿಎಚ್.ಡಿ. ಪದವಿಗೆ ಭಾಜನರಾದ ಸಂಶೋಧಕರನ್ನೂ ಪ್ರಶಸ್ತಿ ಗಳಿಸಿದ ಅಧ್ಯಾಪಕರನ್ನೂ ಒಬ್ಬೊಬ್ಬರನ್ನಾಗಿ ಕರೆದು ಗೌರವಿಸಲಾಗುತ್ತದೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಕೊನೆಗೆ ವಂದನಾರ್ಪಣೆ.

ಜಾನಪದದ ಅಭ್ಯಾಸಿಗೆ ಇದು ಕ್ರಮಬದ್ಧವಾದ ಒಂದು ಆಚರಣೆಯಾಗಿ ಕಾಣುತ್ತದೆ. ಯಾವ ಸಮುದಾಯವೇ ಆಗಲಿ ತಾನು ಯಾರನ್ನು ದೊಡ್ಡವರೆಂದು ಎಣಿಸುತ್ತದೆ, ಯಾವುದನ್ನು ಸಾಧನೆಯೆಂದು ಒಪ್ಪುತ್ತದೆ ಎಂಬುದನ್ನು ತನ್ನ ಆಚರಣೆಗಳ ಮೂಲಕ ಹೇಳಿಕೊಳ್ಳುತ್ತದೆ. ಆದರೆ ಈ ವಿದ್ಯಾಶಾಖೆಯಲ್ಲಿ ಒಂದು ತೊಡಕಿದೆ. ಕವಿಯ ಸಾಧನೆ ಕಾವ್ಯ, ವಿಜ್ಞಾನಿಯ ಸಾಧನೆ ಶೋಧ. ಗ್ರಂಥಪಾಲಕನ ಸಾಧನೆಯಾದರೋ ಮತ್ತೊಬ್ಬರ ಕಾವ್ಯ, ಮತ್ತೊಬ್ಬರ ಶೋಧ ಬೇಕಾದವರಿಗೆ ಬೇಕಾದಾಗ ಸಿಗುವಂತೆ ಮಾಡುವುದು. ಕೆಲಸ ಚೆನ್ನಾಗಿ ಆದಷ್ಟೂ ಮಾಡಿದವರು ಕಣ್ಣಿಗೆ ಬೀಳುವುದಿಲ್ಲ. ಪುಸ್ತಕ ಕೈಗೆ ಸಿಕ್ಕಿದ ಓದುಗ ಅದರ ಸೂಚಿಯನ್ನು ಬರೆದವರನ್ನು ನೆನೆಯುವುದು ಅಪರೂಪ.

ಹೀಗೆ ಮರೆಯಲ್ಲಿ ನಿಲ್ಲುವ ವಿದ್ಯೆಯೊಂದು ತನ್ನ ಸಾಧಕರನ್ನು ಹೇಗೆ ಗುರುತಿಸಿಕೊಂಡು ಬಂದಿದೆ? ಅದರ ಸಾಧನೆಯನ್ನು ಅಳೆಯಲು ತಕ್ಕ ಮಾನದಂಡ ಯಾವುದು? ಮದರಾಸು, ದೆಹಲಿ, ಬೆಂಗಳೂರು, ಮೈಸೂರುಗಳಲ್ಲಿ ನಡೆದ ಕೆಲವು ಘಟನೆಗಳ ಮೂಲಕ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೇಸಿಗೆ ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದ ರಂಗನಾಥನ್ 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಆ ಹುದ್ದೆ ಅವರಿಗೆ ಮೊದಲಿಗೆ ಹಿಡಿಸಲಿಲ್ಲ. ಕೆಲವೇ ದಿನಗಳಲ್ಲಿ ಏಕಾಂತದಿಂದ ಬೇಸತ್ತು, ಹಿಂದಿನ ಕೆಲಸವನ್ನೇ ಕೊಡಿರೆಂದು ಕಾಲೇಜಿನ ಪ್ರಾಂಶುಪಾಲರ ಬಳಿಗೆ ಹೋದರು. ಮೊದಲು ಲಂಡನ್ನಿಗೆ ಹೋಗಿ ತರಬೇತಿ ಮುಗಿಸಿ ಬರಲಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬುದು ಅಲ್ಲಿ ದೊರೆತ ಉತ್ತರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲನ ಶಾಲೆಯಲ್ಲಿ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನ ದೊರೆಯಿತು. ಆ ನಾಡಿನ ಸುಮಾರು ನೂರು ಗ್ರಂಥಾಲಯಗಳನ್ನು ಕಂಡ ಮೇಲೆ ಅವರ ಮನಸ್ಸು ಬದಲಾಯಿತು. 1925ರಲ್ಲಿ ಮರಳಿದವರು ಮತ್ತೆ ಗಣಿತದ ಕೊಠಡಿಗೆ ಹೋಗಲಿಲ್ಲ.

1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿತು. ಮರುವರ್ಷ ಆ ಸಂಘವೇ ಬೇಸಿಗೆಯ ತರಬೇತಿ ಶಾಲೆಯೊಂದನ್ನು ತೆರೆಯಿತು. 1931ರಲ್ಲಿ ವಿಶ್ವವಿದ್ಯಾಲಯವು ಅದನ್ನು ವಹಿಸಿಕೊಂಡಿತು. 1937ರಲ್ಲಿ ಅದು ಪದವೀಧರರಿಗಾಗಿ ಒಂದು ವರ್ಷದ ಡಿಪ್ಲೊಮಾ ತರಗತಿಯಾಗಿ ಬೆಳೆಯಿತು. ಇಂದು ದೇಶದ ಅನೇಕ ವಿಶ್ವವಿದ್ಯಾಲಯಗಳಲ್ಲಿರುವ ಮಾಹಿತಿ ವಿಜ್ಞಾನ ವಿಭಾಗಗಳ ವಂಶವೃಕ್ಷದ ಬೇರುಗಳಲ್ಲಿ ಈ ಬೇಸಿಗೆ ಶಾಲೆಯೂ ಒಂದು. ಕನ್ನಡ ಜಾನಪದ ಅಧ್ಯಯನವೂ ಇದೇ ದಾರಿ ತುಳಿದುದನ್ನು ಇಲ್ಲಿ ನೆನೆಯಬಹುದು. ವಿಶ್ವವಿದ್ಯಾಲಯಗಳು ಬಾಗಿಲು ತೆರೆಯುವುದಕ್ಕೆ ಎಷ್ಟೋ ಮೊದಲು ಆಸಕ್ತರು ತಾವಾಗಿಯೇ ಹಳ್ಳಿಗಳಿಗೆ ಹೋಗಿ ಹಾಡು, ಕತೆಗಳನ್ನು ಬರೆದುಕೊಂಡರು. ಪದವಿ, ಪಠ್ಯಕ್ರಮ, ಪದಕಗಳು ಬಂದದ್ದು ಆಮೇಲೆ.

ಆ ವರ್ಷಗಳಲ್ಲಿಯೇ ರಂಗನಾಥನ್ ಅವರ ಮುಖ್ಯ ಕೃತಿಗಳು ಹೊರಬಂದವು: 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು, 1933ರಲ್ಲಿ ಕೋಲನ್ ವರ್ಗೀಕರಣ ಪದ್ಧತಿ, 1934ರಲ್ಲಿ ವರ್ಗೀಕೃತ ಸೂಚೀಕರಣದ ನಿಯಮಾವಳಿ. ಇವುಗಳಲ್ಲಿ ಕೋಲನ್ ವರ್ಗೀಕರಣವು ಜಾನಪದರಿಗೆ ತೀರ ಹತ್ತಿರದ ವಿಷಯ. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಕಾನೊ ಎಂಬ ಆಟಿಕೆಯನ್ನು ಕಂಡಾಗ ಅದರ ಹೊಳಹು ದೊರೆಯಿತೆಂದು ರಂಗನಾಥನ್ ಹೇಳಿಕೊಂಡಿದ್ದಾರೆ. ಕೆಲವೇ ಪಟ್ಟಿಗಳು, ತಿರುಪುಗಳು. ಜೋಡಿಸುವ ಬಗೆ ಬದಲಾದಂತೆ ಬೇರೆ ಬೇರೆ ಗೊಂಬೆಗಳು. ಜಗತ್ತಿನ ವಿಷಯಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿಟ್ಟು ಪ್ರತಿ ಪುಸ್ತಕವನ್ನೂ ಅದರಲ್ಲೊಂದು ಗೂಡಿಗೆ ತಳ್ಳುವ ಬದಲು, ವಿಷಯದ ಮುಖಗಳನ್ನು ಬಿಡಿಸಿ ಬೇಕಾದಂತೆ ಕೂಡಿಸುವ ವಿಧಾನವಿದು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ಮುಖಗಳನ್ನು ಅವರು ಮುಂದೆ ಗುರುತಿಸಿದರು.

ಇದೇ ಅವಧಿಯಲ್ಲಿ, ಅಂದರೆ 1932ರಿಂದ 1936ರವರೆಗೆ, ಅಮೆರಿಕದ ಸ್ಟಿತ್ ಥಾಂಪ್ಸನ್ ಜನಪದ ಕತೆಗಳ ಆಶಯ ಸೂಚಿಯ ಮೊದಲ ಆವೃತ್ತಿಯನ್ನು ಪ್ರಕಟಿಸಿದರು ಎಂಬುದು ಗಮನಾರ್ಹ. ಒಂದು ಪುಸ್ತಕಗಳ ಲೋಕಕ್ಕೆ, ಇನ್ನೊಂದು ಬಾಯಿಮಾತಿನ ಲೋಕಕ್ಕೆ. ಥಾಂಪ್ಸನ್ನರದು ಎಣಿಸಿ ಪಟ್ಟಿ ಮಾಡುವ ಕ್ರಮ. ರಂಗನಾಥನ್ನರದು ಬಿಡಿಸಿ ಕೂಡಿಸುವ ಕ್ರಮ. ನಮ್ಮ ರಾಗಿ ಬೀಸುವ ಹಾಡನ್ನು ಎಲ್ಲಿಡಬೇಕು? ಹೆಣ್ಣುಮಕ್ಕಳ ಹಾಡುಗಳಲ್ಲಿಯೋ, ದುಡಿಮೆಯ ಹಾಡುಗಳಲ್ಲಿಯೋ, ತವರಿನ ಹಾಡುಗಳಲ್ಲಿಯೋ? ಹಾಡುವವಳು ಹೆಣ್ಣು, ಕೈಗೆ ಸಿಕ್ಕಿರುವುದು ರಾಗಿ, ನಡೆಯುತ್ತಿರುವುದು ಬೀಸುವ ಕೆಲಸ, ಸ್ಥಳ ಒಂದು ಊರು, ಹೊತ್ತು ಬೆಳಗಿನ ಜಾವ. ಐದು ಮುಖಗಳಲ್ಲಿ ಯಾವುದನ್ನು ಹಿಡಿದು ಹುಡುಕಿದರೂ ಹಾಡು ಸಿಗಬೇಕೆಂಬುದು ಈ ಕ್ರಮದ ಹಂಬಲ. ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ಹಿಡಿದವರಿಗೆ ಇದರ ಬೆಲೆ ಕೂಡಲೇ ತಿಳಿಯುತ್ತದೆ.

ಗೌರವ ಹರಿದ ದಿಕ್ಕು

ರಂಗನಾಥನ್ 1947ರಿಂದ 1954ರವರೆಗೆ ದೆಹಲಿ ವಿಶ್ವವಿದ್ಯಾಲಯದಲ್ಲಿದ್ದರು. ಗ್ರಂಥಾಲಯ ವಿಜ್ಞಾನಕ್ಕೆ ಸ್ನಾತಕೋತ್ತರ ಪದವಿಯ, ಆಮೇಲೆ ಪಿಎಚ್.ಡಿ.ಯ ಅವಕಾಶ ತೆರೆದದ್ದು ಅಲ್ಲಿ. ಈ ವಿದ್ಯೆಯಲ್ಲಿ ಭಾರತದ ಮೊದಲ ಪಿಎಚ್.ಡಿ. ಪದವಿಯನ್ನು ಡಿ.ಬಿ. ಕೃಷ್ಣರಾವ್ ಅವರು 1950ರ ದಶಕದ ಕೊನೆಯ ಭಾಗದಲ್ಲಿ ದೆಹಲಿ ವಿಶ್ವವಿದ್ಯಾಲಯದಿಂದ ಪಡೆದರು. ಎರಡನೆಯ ಪದವಿ ಬಂದದ್ದು ಸುಮಾರು ಎರಡು ದಶಕಗಳ ನಂತರ, ಪಂಜಾಬ್ ವಿಶ್ವವಿದ್ಯಾಲಯದಿಂದ. ಪದವಿಗಳನ್ನೇ ಸಾಧನೆಯ ಅಳತೆಗೋಲಾಗಿ ಇಟ್ಟುಕೊಂಡರೆ ಈ ನಡುವಿನ ಇಪ್ಪತ್ತು ವರ್ಷಗಳನ್ನು ಬರಗಾಲವೆನ್ನಬೇಕಾಗುತ್ತದೆ. ವಾಸ್ತವದಲ್ಲಿ ಭಾರತೀಯ ಗ್ರಂಥಾಲಯ ವಿಜ್ಞಾನ ಅತ್ಯಂತ ಫಲವತ್ತಾಗಿದ್ದ ಕಾಲವದು.

ಇದಕ್ಕೆ ಕಾರಣ ಆ ಕಾಲದಲ್ಲಿ ಸಂಶೋಧನೆ ನಡೆಯುತ್ತಿದ್ದ ರೀತಿ. ದೆಹಲಿಯಲ್ಲಿ ರಂಗನಾಥನ್ ಅವರ ಮನೆಯಲ್ಲಿ ಗ್ರಂಥಾಲಯ ಸಂಶೋಧನ ಬಳಗವೊಂದು ಸೇರುತ್ತಿತ್ತು. ವಿದ್ಯಾರ್ಥಿಗಳು, ಅಧ್ಯಾಪಕರು, ನಗರದ ಗ್ರಂಥಪಾಲಕರು ಒಟ್ಟಿಗೆ ಕೂತು ಒಂದೊಂದು ವಿಷಯದ ವರ್ಗೀಕರಣವನ್ನು ಕಟ್ಟಿ, ಒಡೆದು, ಮತ್ತೆ ಕಟ್ಟುತ್ತಿದ್ದರು. ಇಂಥ ಕೂಟದಲ್ಲಿ ಹುಟ್ಟಿದ ವಿಚಾರ ಯಾರದು ಎಂದು ಗೆರೆ ಎಳೆದು ಹೇಳಲಾಗದು. ರಾತ್ರಿಯಿಡೀ ನಡೆಯುವ ತತ್ವಪದದ ಮೇಳದಲ್ಲಿ ಯಾರು ಸೊಲ್ಲೆತ್ತಿದರು, ಯಾರು ತುಂಬಿಕೊಟ್ಟರು ಎಂದು ಲೆಕ್ಕವಿಡುವವರಿಲ್ಲ. ಪದ ಮುಂದೆ ಹೋಯಿತೆಂಬುದಷ್ಟೇ ಮುಖ್ಯ. ಈ ಬಳಗದ ಬಗೆಯೂ ಅದೇ.

ರಂಗನಾಥನ್ನರಿಗೆ ವೈಯಕ್ತಿಕ ಗೌರವಗಳೇನೂ ಕಡಿಮೆಯಾಗಲಿಲ್ಲ. 1948ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 1957ರಲ್ಲಿ ಪದ್ಮಶ್ರೀ, 1964ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಪದವಿ ಬಂದವು. 1965ರಲ್ಲಿಯೇ ಶಿಷ್ಯ ಪಿ.ಎನ್. ಕೌಲ ಅವರ ಸಂಪಾದಕತ್ವದಲ್ಲಿ ಅಭಿನಂದನ ಗ್ರಂಥವೂ ಹೊರಬಂದಿತು. ಅಭಿನಂದನ ಗ್ರಂಥವೆಂಬ ಪ್ರಕಾರ ಕನ್ನಡಿಗರಿಗೆ ಹೊಸದಲ್ಲ. 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಅರ್ಪಿತವಾದ ‘ಸಂಭಾವನೆ’ ಇಲ್ಲಿನ ಆ ಪರಂಪರೆಯ ಮೊದಲ ಗ್ರಂಥವೆಂದು ಮಾನ್ಯವಾಗಿದೆ. ಗುರುವನ್ನು ಹೊಗಳಿ ಸುಮ್ಮನಾಗದೆ, ಗುರು ತೋರಿದ ದಾರಿಯಲ್ಲಿ ತಾವು ನಡೆದ ದೂರವನ್ನು ಲೇಖನಗಳ ಮೂಲಕ ಒಪ್ಪಿಸುವುದು ಈ ಪ್ರಕಾರದ ಹಿರಿಮೆ.

ಇವೆಲ್ಲಕ್ಕಿಂತ ಮುಖ್ಯವಾದುದು ರಂಗನಾಥನ್ ತಾವು ಪಡೆದುದನ್ನು ಹಿಂದಿರುಗಿಸಿದ ಬಗೆ. 1950ರ ದಶಕದಲ್ಲಿ ಅವರು ತಮ್ಮ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟು ಗ್ರಂಥಾಲಯ ವಿಜ್ಞಾನದ ಪೀಠವೊಂದನ್ನು ಸ್ಥಾಪಿಸಿದರು. ಆ ಪೀಠಕ್ಕೆ ತಮ್ಮ ಹೆಸರನ್ನಿಡದೆ ಪತ್ನಿ ಶಾರದಾ ಅವರ ಹೆಸರಿಟ್ಟರು. ಮುಂದೆ ಬೆಂಗಳೂರಿನಲ್ಲಿ ಉಪನ್ಯಾಸ, ಪ್ರಕಟಣೆಗಳಿಗಾಗಿ ಕಟ್ಟಿದ ದತ್ತಿಯೂ ಶಾರದಾ ರಂಗನಾಥನ್ ಹೆಸರಿನಲ್ಲಿಯೇ ಇದೆ. ಹಗಲಿರುಳು ಗ್ರಂಥಾಲಯದಲ್ಲಿ ಕಳೆದ ಗಂಡನ ಸಂಸಾರವನ್ನು ನಡೆಸಿದ ಹೆಣ್ಣುಮಗಳೊಬ್ಬಳ ಹೆಸರು ಹೀಗೆ ಶಾಸ್ತ್ರವೊಂದರ ಚರಿತ್ರೆಯಲ್ಲಿ ನೆಲೆ ನಿಂತಿತು. ಸನ್ಮಾನವೆಂದರೆ ಮುಂದೆ ನಿಂತವರಿಗೆ ಹಾರ ಹಾಕುವುದಷ್ಟೇ ಅಲ್ಲ, ಹಿಂದೆ ನಿಂತವರ ಹೆಸರನ್ನು ಮುಂದಕ್ಕೆ ತರುವುದೂ ಹೌದು ಎಂಬ ಮಾದರಿ ಇಲ್ಲಿದೆ.

ಕರ್ನಾಟಕದ ಸಂದರ್ಭ

ವಿಭಾಗಗಳು ಹುಟ್ಟುವ ಮೊದಲೇ ಕರ್ನಾಟಕದಲ್ಲಿ ಗ್ರಂಥಪಾಲನೆಯ ಒಂದು ದೊಡ್ಡ ಸಾಧನೆ ನಡೆದಿತ್ತು. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ 1905ರಲ್ಲಿ ಗ್ರಂಥಲಿಪಿಯ ತಾಳೆಗರಿ ಪ್ರತಿಯೊಂದು ಬಂದಿತು. ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಸಂಸ್ಕೃತ ಪಾಠವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಪ್ರಾಚೀನ ಭಾರತದ ರಾಜಕೀಯ ಚಿಂತನೆಯನ್ನು ಕುರಿತ ತಿಳಿವಳಿಕೆಯೇ ಇದರಿಂದ ಬದಲಾಯಿತು. ಶಾಸ್ತ್ರಿಗಳಿಗೆ ಮಹಾಮಹೋಪಾಧ್ಯಾಯ ಬಿರುದು, ಕಲ್ಕತ್ತ ವಿಶ್ವವಿದ್ಯಾಲಯದ ಡಾಕ್ಟರೇಟ್ ಸಂದವು. ಅವು ಅರ್ಹ ಗೌರವಗಳೇ. ಆದರೆ ಆ ಪ್ರತಿಯನ್ನು ತಂದುಕೊಟ್ಟವರು ಯಾರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂಬಷ್ಟನ್ನೇ ಚರಿತ್ರೆ ಹೇಳುತ್ತದೆ. ತಲೆಮಾರುಗಳ ಕಾಲ ಗರಿಗಳನ್ನು ಹುಳುವಿನಿಂದ, ನೀರಿನಿಂದ ಕಾಪಾಡಿಕೊಂಡು ಬಂದು ಕೊನೆಗೆ ಮೈಸೂರಿನವರಿಗೆ ಒಪ್ಪಿಸಿದ ಆ ಕೈಗಳಿಗೆ ಹೆಸರಿಲ್ಲ. ಗ್ರಂಥಾಲಯದ ಅತ್ಯುತ್ತಮ ಸಾಧನೆಯ ಕತೆಯಲ್ಲಿಯೂ ಒಂದು ಅಂಕಣ ಖಾಲಿ ಉಳಿದಿರುವುದನ್ನು ನಾವು ಮರೆಯಬಾರದು.

ರಂಗನಾಥನ್ 1957ರಲ್ಲಿ ವಿದೇಶದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದರು. 1972ರ ಸೆಪ್ಟೆಂಬರ್ 27ರಂದು ನಿಧನರಾಗುವವರೆಗೆ ಅವರ ಕರ್ಮಭೂಮಿ ಇದೇ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಡಿ.ಆರ್.ಟಿ.ಸಿ., ಆರಂಭವಾಯಿತು. ಮರುವರ್ಷದಿಂದ ವಾರ್ಷಿಕ ವಿಚಾರಸಂಕಿರಣಗಳು, 1964ರಿಂದ ಸಂಶೋಧನ ಪತ್ರಿಕೆ ಅಲ್ಲಿ ಮೊದಲಾದವು. ಎ. ನೀಲಮೇಘನ್, ಜಿ. ಭಟ್ಟಾಚಾರ್ಯ, ಎಂ.ಎ. ಗೋಪಿನಾಥ್ ಅವರಂಥವರು ಗುರುವಿನ ಕೆಲಸವನ್ನು ಮುಂದುವರಿಸಿದರು. ಭಟ್ಟಾಚಾರ್ಯ ಅವರು ರೂಪಿಸಿದ ‘ಪಾಪ್ಸಿ’ ಎಂಬ ವಿಷಯ ಸೂಚೀಕರಣ ವಿಧಾನ ಗ್ರಂಥಾಲಯ ವಿಜ್ಞಾನದ ಪಠ್ಯಗಳಲ್ಲಿ ಸ್ಥಾನ ಪಡೆಯಿತು. ಕೋಲನ್ ವರ್ಗೀಕರಣದ ಏಳನೆಯ ಆವೃತ್ತಿಯನ್ನು ಗೋಪಿನಾಥ್ ಅವರು 1987ರಲ್ಲಿ, ಗುರುವಿನ ನಿಧನದ ಹದಿನೈದು ವರ್ಷಗಳ ನಂತರ, ಸಂಪಾದಿಸಿ ಹೊರತಂದರು. ಗುರುವಿನ ಕೃತಿಯನ್ನು ಶಿಷ್ಯ ತಿದ್ದಿ ಬೆಳೆಸುವುದು ಈ ಪರಂಪರೆಯಲ್ಲಿ ಅವಿಧೇಯತೆಯಲ್ಲ. ಗುರುವಿಗೆ ಸಲ್ಲಿಸುವ ಅತಿದೊಡ್ಡ ಗೌರವವೇ ಅದು.

1960ರ ದಶಕದಲ್ಲಿಯೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಗ್ರಂಥಾಲಯ ವಿಜ್ಞಾನದ ಬೋಧನೆ ಆರಂಭವಾಯಿತು. 1965ರಲ್ಲಿ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ಬಂದಿತು. ತರಬೇತಾದವರಿಗೆ ಕೆಲಸವೂ, ಕೆಲಸಕ್ಕೆ ತರಬೇತಾದವರೂ ಬೇಕಾದ ಕಾಲವದು. ಜಿಲ್ಲಾ, ನಗರ ಗ್ರಂಥಾಲಯಗಳ ಮೇಜಿನ ಹಿಂದೆ ಕುಳಿತು ಒಂದು ತಲೆಮಾರಿನ ಕನ್ನಡಿಗರಿಗೆ ಕಾದಂಬರಿ, ಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಎತ್ತಿಕೊಟ್ಟವರು ಈ ವಿಭಾಗಗಳಿಂದ ಹೊರಬಂದವರು. ಅವರ ಸಾಧನೆ ಘಟಿಕೋತ್ಸವದ ಪಟ್ಟಿಯಲ್ಲಿ ಕಾಣುವುದಿಲ್ಲ. ಓದಿ ಮುಂದೆ ಬಂದವರ ಬದುಕಿನಲ್ಲಿ ಕರಗಿಹೋಗಿದೆ.

ವಿದ್ಯಾನಿಧಿ: ವಿಭಾಗವೊಂದರ ಸಾಧನೆ

ಗ್ರಂಥಾಲಯ ವಿಜ್ಞಾನ ವಿಭಾಗಗಳು ಕಾಲಕ್ರಮದಲ್ಲಿ ತಮ್ಮ ಹೆಸರಿಗೆ ‘ಮಾಹಿತಿ’ ಎಂಬ ಪದವನ್ನು ಸೇರಿಸಿಕೊಂಡವು. ಕಾರ್ಡುಗಳ ಪೆಟ್ಟಿಗೆ ಹೋಗಿ ಗಣಕಯಂತ್ರ ಬಂದಿತು. ಕರ್ನಾಟಕದ ಮಟ್ಟಿಗೆ ಈ ಬದಲಾವಣೆಯ ಅರ್ಥಪೂರ್ಣ ಫಲಗಳಲ್ಲಿ ಎರಡನ್ನು ಹೆಸರಿಸಬಹುದು. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಲ್ಲಿನ ಸಂಶೋಧನ ಲೇಖನಗಳನ್ನು ಎಲ್ಲರಿಗೂ ಮುಕ್ತವಾಗಿ ಒದಗಿಸುವ ಭಂಡಾರ ಆರಂಭವಾಯಿತು. ಭಾರತದಲ್ಲಿ ಈ ಬಗೆಯ ಮೊದಲ ಪ್ರಯತ್ನಗಳಲ್ಲಿ ಅದು ಒಂದು. ಇನ್ನೊಂದು ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದ ಸುಮಾರಿಗೆ ಮೊದಲಾದ ‘ವಿದ್ಯಾನಿಧಿ’ ಯೋಜನೆ.

ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿ ಒಂದೆಡೆ ದೊರಕಿಸುವುದು ವಿದ್ಯಾನಿಧಿಯ ಗುರಿ. ಸಂಶೋಧನೆಯಲ್ಲಿ ತೊಡಗಿದವರಿಗೆಲ್ಲ ಇದರ ಅಗತ್ಯ ತಿಳಿದದ್ದೇ. ಅಂದಿನ ದಿನಗಳಲ್ಲಿ ಪ್ರಬಂಧವೊಂದನ್ನು ನೋಡಬೇಕಾದರೆ ಆ ವಿಶ್ವವಿದ್ಯಾಲಯಕ್ಕೇ ಹೋಗಬೇಕಾಗಿತ್ತು. ಪತ್ರ ತೋರಿಸಿ, ಅನುಮತಿ ಪಡೆದು, ಕಪಾಟಿನ ಬೀಗ ತೆಗೆಸಿ, ಅಲ್ಲಿಯೇ ಕುಳಿತು ಕೈಯಲ್ಲಿ ಬರೆದುಕೊಳ್ಳಬೇಕಾಗಿತ್ತು. ನಾಲ್ಕೈದು ವರ್ಷಗಳ ದುಡಿಮೆಯ ಫಲವಾದ ಪ್ರಬಂಧ ಕಪ್ಪು ರಟ್ಟಿನೊಳಗೆ ಬಂಗಾರದ ಅಕ್ಷರದ ಹೆಸರು ಹೊತ್ತು ಮಲಗಿರುತ್ತಿತ್ತು. ಪದವಿ ಬಂದಿತು, ಸನ್ಮಾನವೂ ಆಯಿತು; ಓದುಗ ಮಾತ್ರ ಬರಲಿಲ್ಲ.

ವಿದ್ಯಾನಿಧಿಯ ಅಧ್ಯಾಪಕರೂ ಸಂಶೋಧಕರೂ ಎದುರಿಸಿದ ಒಂದು ಸಮಸ್ಯೆಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಇಂಗ್ಲಿಷಿನ ಜೊತೆಗೆ ಕನ್ನಡ, ಹಿಂದಿ ಪ್ರಬಂಧಗಳ ವಿವರಗಳನ್ನೂ ಆಯಾ ಲಿಪಿಯಲ್ಲಿಯೇ ದಾಖಲಿಸಬೇಕೆಂಬುದು ಅವರ ನಿಲುವು. ಆ ಹೊತ್ತಿಗೆ ಕನ್ನಡ ಬೆರಳಚ್ಚಿಗೆ ಹಲವು ತಂತ್ರಾಂಶಗಳಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗುತ್ತಿತ್ತು. ಅವು ಅಕ್ಷರದ ಆಕಾರವನ್ನು ಬರೆಯುತ್ತಿದ್ದವೇ ಹೊರತು ಅಕ್ಷರವನ್ನಲ್ಲ. ಹೀಗಿರುವಾಗ ಹುಡುಕುವುದಾಗಲಿ ಅಕಾರಾದಿಯಾಗಿ ಜೋಡಿಸುವುದಾಗಲಿ ಆಗದ ಮಾತು. ವಿದ್ಯಾನಿಧಿಯವರು ಯುನಿಕೋಡ್ ಕ್ರಮವನ್ನು ಆರಿಸಿಕೊಂಡು, ಕನ್ನಡ ಮತ್ತು ಹಿಂದಿಗೆ ಅದು ಹೇಗೆ ಒದಗುತ್ತದೆಂಬುದನ್ನು ಪರೀಕ್ಷಿಸಿ, 2002ರ ಸುಮಾರಿಗೆ ತಮ್ಮ ಅನುಭವವನ್ನು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿದರು.

ಈ ಕ್ರಮದ ಸೂಕ್ಷ್ಮ ಹೀಗಿದೆ. ಅರ್ಕಾವತ್ತನ್ನು ನಾವು ಬರೆಯುವುದು ವ್ಯಂಜನದ ನಂತರ, ಉಚ್ಚರಿಸುವುದು ಮೊದಲು. ಯುನಿಕೋಡಿನಲ್ಲಿ ರಕಾರ ಮೊದಲು ದಾಖಲಾಗಿ ತೆರೆಯ ಮೇಲೆ ಹಿಂದಕ್ಕೆ ಸರಿದು ಕಾಣುತ್ತದೆ. ‘ಕ್ಷ’ ಒಂದೇ ಅಕ್ಷರದಂತೆ ಕಂಡರೂ ಒಳಗೆ ಕಕಾರ, ವಿರಾಮ ಚಿಹ್ನೆ, ಷಕಾರಗಳ ಸರಣಿಯಾಗಿಯೇ ಉಳಿಯುತ್ತದೆ. ಅಂದರೆ ಯಂತ್ರ ಕೈಬರಹವನ್ನು ಅನುಸರಿಸದೆ ನುಡಿಯನ್ನು ಅನುಸರಿಸುತ್ತದೆ. ಇದು ತಾಂತ್ರಿಕ ವಿವರವೆಂದು ಕಂಡರೂ ಇದರ ಹಿಂದೆ ಒಂದು ನಿಲುವಿದೆ: ಕನ್ನಡದಲ್ಲಿ ಬರೆದ ಸಂಶೋಧನೆಯನ್ನು ಕನ್ನಡದಲ್ಲಿಯೇ ಹುಡುಕುವಂತಾಗಬೇಕು, ಇಂಗ್ಲಿಷ್ ಅಕ್ಷರಗಳ ಊರುಗೋಲು ಅದಕ್ಕೆ ಬೇಡ.

2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದನ್ನು ನಿಯಮವಾಗಿಸಿತು. ಬಳಿಕ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಈ ಕೆಲಸವನ್ನು ದೇಶದಾದ್ಯಂತ ಕೈಗೊಂಡಿತು. ಇಂದು ಶೋಧಗಂಗಾ ಬಳಸುವ ವಿದ್ಯಾರ್ಥಿಗೆ ಅದಕ್ಕೆ ಮೊದಲು ಮೈಸೂರಿನ ವಿಭಾಗವೊಂದರಲ್ಲಿ ಇದೇ ಕನಸನ್ನು ಕಂಡು ದುಡಿದವರಿದ್ದರೆಂಬುದು ತಿಳಿಯದಿರಬಹುದು. ಹೊಳೆಗೆ ಸೇರಿದ ಹಳ್ಳದ ಹೆಸರು ಮುಂದೆ ಕೇಳಿಬರುವುದಿಲ್ಲ. ಚರಿತ್ರೆ ಬರೆಯುವವರ ಕೆಲಸ ಅದನ್ನು ಕೇಳಿಸುವುದು.

ಹಾಡಿದವರ ಹೆಸರು

ಇಲ್ಲಿ ನನ್ನದೇ ತಪ್ಪೊಂದನ್ನು ದಾಖಲಿಸುವುದು ಅಗತ್ಯ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಪಿಎಚ್.ಡಿ. ಕ್ಷೇತ್ರಕಾರ್ಯಕ್ಕಾಗಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಬೀಸುವ ಹಾಡುಗಳನ್ನು ಕ್ಯಾಸೆಟ್ಟುಗಳಿಗೆ ತುಂಬಿಕೊಂಡಿದ್ದೆ. ಮುಂದೆ ಅವುಗಳನ್ನು ವಿಶ್ವವಿದ್ಯಾಲಯವೊಂದಕ್ಕೆ ಕೊಟ್ಟೆ. ಅಲ್ಲಿನ ಮಾಹಿತಿ ವಿಜ್ಞಾನದ ವಿದ್ಯಾರ್ಥಿನಿಯೊಬ್ಬಳು ತನ್ನ ಸ್ನಾತಕೋತ್ತರ ಕಿರುಪ್ರಬಂಧಕ್ಕಾಗಿ ಆ ಕ್ಯಾಸೆಟ್ಟುಗಳ ಸೂಚಿ ಸಿದ್ಧಪಡಿಸತೊಡಗಿದಳು. ಒಂದು ದಿನ ಫೋನ್ ಮಾಡಿ, “ಸರ್, ಮೂರು ಹಾಡುಗಳ ಮುಂದೆ ನೀವು ‘ಒಬ್ಬ ಮುದುಕಿ’ ಅಂತ ಮಾತ್ರ ಬರೆದಿದ್ದೀರಿ. ಅವರ ಹೆಸರೇನು? ಗಾಯಕಿಯ ಅಂಕಣ ಖಾಲಿ ಇದೆ” ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಆ ಊರುಗಳಿಗೆ ಮತ್ತೆ ಹೋದೆ. ಇಬ್ಬರ ಹೆಸರು ಮೊಮ್ಮಕ್ಕಳಿಂದ ತಿಳಿಯಿತು. ಮೂರನೆಯವರನ್ನು ಊರವರೆಲ್ಲ ದೊಡ್ಡವ್ವ ಎಂದೇ ಕರೆಯುತ್ತಿದ್ದರು. ಅವರ ಮನೆಯವರು ಊರು ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ನಾನು ಹಾಡು ತುಂಬಿಕೊಂಡ ದಿನ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಆ ವಿದ್ಯಾರ್ಥಿನಿ ಅಂಕಣವನ್ನು ಖಾಲಿ ಬಿಡಲಿಲ್ಲ. ಹೆಸರು ತಿಳಿಯದ ಗಾಯಕಿ, ಊರಿನವರು ಕರೆಯುತ್ತಿದ್ದುದು ದೊಡ್ಡವ್ವ ಎಂದು ದಾಖಲಿಸಿ, ಊರು, ವರ್ಷಗಳನ್ನು ಸೇರಿಸಿದಳು.

ಆಕೆಯ ಕೆಲಸಕ್ಕೆ ವಿಭಾಗದ ವಾರ್ಷಿಕ ಸಮಾರಂಭದಲ್ಲಿ ಬಹುಮಾನ ಬಂದಿತು. ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಆಕೆಯ ಹೆಸರು, ಮಾರ್ಗದರ್ಶಕರ ಹೆಸರು, ಸಂಗ್ರಾಹಕನಾಗಿ ನನ್ನ ಹೆಸರು ಕೇಳಿಬಂದವು. ನನಗೂ ಒಂದು ಶಾಲು ಹೊದಿಸಿದರು. ಹಾಡಿದ ಮೂವರ ಪ್ರಸ್ತಾಪ ಬರಲಿಲ್ಲ. ಅದು ಯಾರದೋ ದುರುದ್ದೇಶವಲ್ಲ. ಸನ್ಮಾನದ ಕಾರ್ಯಕ್ರಮಪಟ್ಟಿಯಲ್ಲಿ ಅವರಿಗೆ ಜಾಗವಿರಲಿಲ್ಲ, ಅಷ್ಟೆ. ಆಕೆ ಸಿದ್ಧಪಡಿಸಿದ ಸೂಚಿಯಲ್ಲಿ ಮಾತ್ರ ಜಾಗವಿತ್ತು. ವೇದಿಕೆಗಿ��ತ ಸೂಚಿ ಹೆಚ್ಚು ನ್ಯಾಯವಂತವಾಗಿತ್ತೆಂದು ಅಂದು ನನಗನಿಸಿತು.

ವೈಯಕ್ತಿಕವಾದ ಈ ಪ್ರಸಂಗದಲ್ಲಿ ಸಾರ್ವತ್ರಿಕ ಪ್ರಶ್ನೆಯೊಂದಿದೆ. ನಮ್ಮ ಜನಪದ ಗೀತ ಸಂಕಲನಗಳು ಗ್ರಂಥಾಲಯದ ಸೂಚಿಯಲ್ಲಿ ಬಹುಮಟ್ಟಿಗೆ ಸಂಪಾದಕರ ಹೆಸರಿನಲ್ಲಿ ಮಾತ್ರ ಸಿಗುತ್ತವೆ. ವಕ್ತೃಗಳ ಹೆಸರು ಇದ್ದರೆ ಅನುಬಂಧದಲ್ಲಿರುತ್ತದೆ; ಸೂಚಿಗೆ ಏರುವುದಿಲ್ಲ. ಇದಕ್ಕೆ ಗ್ರಂಥಾಲಯ ಶಾಸ್ತ್ರದಲ್ಲಿ ಅವಕಾಶವಿಲ್ಲವೆನ್ನುವಂತಿಲ್ಲ. ಕೃತಿಯೊಂದಕ್ಕೆ ಲೇಖಕರಲ್ಲದವರು ಸಲ್ಲಿಸಿದ ಪಾಲನ್ನು ಗುರುತಿಸುವ ಕ್ರಮ ರಂಗನಾಥನ್ನರ ನಿಯಮಾವಳಿಯಲ್ಲಿಯೇ ಇತ್ತು. ಇಂದು ಜಗತ್ತಿನ ಗ್ರಂಥಾಲಯಗಳು ಬಳಸುವ ಮಾರ್ಕ್ ಕ್ರಮದ ಸಂಬಂಧಸೂಚಕಗಳಲ್ಲಿ ಗಾಯಕ, ಕತೆಗಾರ, ಸಂಗ್ರಾಹಕ ಎಂಬವಕ್ಕೆ ಬೇರೆ ಬೇರೆ ಸಂಕೇತಗಳೇ ಇವೆ. ಉಪಕರಣ ಕೈಯಲ್ಲಿದೆ, ಬಳಸುವ ರೂಢಿ ಬೆಳೆಯಬೇಕಾಗಿದೆ. ಅದಕ್ಕೆ ಮೊದಲು ನಮ್ಮಂಥ ಸಂಗ್ರಾಹಕರು ಹೆಸರು ಕೇಳಿ ಬರೆದುಕೊಳ್ಳುವುದನ್ನು ಕಲಿಯಬೇಕಾಗಿದೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬುರ್ರಕಥಾ ಕಲಾವಿದೆ ದರೋಜಿ ಈರಮ್ಮ ಅವರಿಗೆ ನಾಡೋಜ ಪದವಿ ಕೊಟ್ಟದ್ದು, 2017ರಲ್ಲಿ ಸುಕ್ರಿ ಬೊಮ್ಮಗೌಡ ಅವರಿಗೆ ಪದ್ಮಶ್ರೀ ಸಂದದ್ದು ಹೆಮ್ಮೆಯ ಸಂಗತಿಗಳು. ಆದರೆ ಅಂಥ ಗೌರವ ತಲುಪುವುದು ಕೆಲವರನ್ನು. ಉಳಿದ ಸಾವಿರಾರು ಮಂದಿಗೆ ಸಲ್ಲಬಹುದಾದ ನಿತ್ಯದ ಗೌರವವೆಂದರೆ ಅವರ ಹಾಡು ಅವರ ಹೆಸರಿನಲ್ಲಿ ಸಿಗುವುದು. ಪ್ರತಿ ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕೆಂಬುದು ರಂಗನಾಥನ್ನರ ಸೂತ್ರಗಳಲ್ಲೊಂದರ ಆಶಯ. ಪ್ರತಿ ಹಾಡಿಗೂ ಅದನ್ನು ಹಾಡಿದವರ ಹೆಸರು ದೊರೆಯಬೇಕೆಂಬುದನ್ನು ನಾವು ಅದರ ಪಕ್ಕದಲ್ಲಿಟ್ಟುಕೊಳ್ಳಬಹುದು.

ಉಪಸಂಹಾರ

ಬೀಸುವ ಪದಗಳಲ್ಲಿ ಒಂದು ಕ್ರಮವಿದೆ. ಕಲ್ಲಿಗೆ ಕೈಯಿಟ್ಟವಳು ಮೊದಲು ನೆನೆಯುತ್ತಾಳೆ: ದೇವರನ್ನು, ಹೆತ್ತವರನ್ನು, ಒಡಹುಟ್ಟಿದವರನ್ನು, ಕೊನೆಗೆ ತನ್ನೊಡನೆ ದುಡಿಯುವ ರಾಗಿಕಲ್ಲನ್ನೂ. ತನ್ನ ದುಡಿಮೆ ಯಾರ್ಯಾರ ಆಸರೆಯಿಂದ ನಡೆಯುತ್ತಿದೆ ಎಂಬ ಅರಿವು ಆ ನೆನೆಕೆಯಲ್ಲಿದೆ. ಸನ್ಮಾನಕ್ಕೂ ನೆನೆಕೆಗೂ ವ್ಯತ್ಯಾಸವಿದೆ. ಸನ್ಮಾನ ಒಬ್ಬರನ್ನು ಎತ್ತರಕ್ಕೆ ಕರೆಯುತ್ತದೆ. ನೆನೆಕೆ ಹಲವರನ್ನು ಹತ್ತಿರಕ್ಕೆ ಕರೆಯುತ್ತದೆ.

ಮಾಹಿತಿ ವಿಜ್ಞಾನ ವಿಭಾಗಗಳಲ್ಲಿ ಪದಕ, ಬಹುಮಾನ, ಶಾಲುಗಳಿಗೆ ಅವುಗಳದೇ ಸ್ಥಾನವಿದೆ. ಹಳ್ಳಿಯಿಂದ ಬಂದು ಓದಿದ ಹುಡುಗಿಯೊಬ್ಬಳ ಹೆಸರನ್ನು ಧ್ವನಿವರ್ಧಕದಲ್ಲಿ ಕರೆದಾಗ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ತಾಯಿತಂದೆಯ ಮುಖದಲ್ಲಿ ಕಾಣುವ ಬೆಳಕನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ವಿದ್ಯೆಯ ಚರಿತ್ರೆಯನ್ನು ನೋಡಿದರೆ ಅದರ ನಿಜವಾದ ಸಾಧನೆ ನೆನೆಯುವ ಕೆಲಸದಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಶಾರದಾ ಅವರ ಹೆಸರಿನ ಪೀಠ, ಶಿಷ್ಯರು ಮುಂದುವರಿಸಿದ ವರ್ಗೀಕರಣ, ಕನ್ನಡದಲ್ಲಿಯೇ ಹುಡುಕಬಹುದಾದ ಪ್ರಬಂಧ, ಖಾಲಿ ಬಿಡದ ಗಾಯಕಿಯ ಅಂಕಣ ಇವೆಲ್ಲ ಒಂದೇ ಪರಂಪರೆಯ ಕುರುಹುಗಳು.

ಮುಂದಿನ ಆಗಸ್ಟ್ 12ರ ಸಮಾರಂಭಗಳಲ್ಲಿ ವಿಭಾಗಗಳು ಒಂದು ಚಿಕ್ಕ ಬದಲಾವಣೆ ಮಾಡಿಕೊಳ್ಳಬಹುದು. ಆ ವರ್ಷ ತಮ್ಮ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೂಚಿಗೆ ತಂದ ಹೊಸ ಹೆಸರುಗಳನ್ನು, ಅಂದರೆ ಹಾಡಿದವರ, ಕತೆ ಹೇಳಿದವರ, ಗರಿಗಳನ್ನು ಕಾಪಾಡಿ ಕೊಟ್ಟವರ ಹೆಸರುಗಳನ್ನು, ಸನ್ಮಾನಕ್ಕೆ ಮೊದಲು ಗಟ್ಟಿಯಾಗಿ ಓದಬಹುದು. ಹೆಸರು ಸಿಗದಿದ್ದಲ್ಲಿ ಸಿಗಲಿಲ್ಲವೆಂಬುದನ್ನೂ ಓದಬಹುದು. ಅದಕ್ಕೆ ಹಣ ಬೇಡ, ಅನುಮತಿ ಬೇಡ. ಜಾನಪದ ವಿಭಾಗಗಳೂ ಮಾಹಿತಿ ವಿಜ್ಞಾನ ವಿಭಾಗಗಳೂ ಕೂಡಿ ಈ ಕೆಲಸಕ್ಕೆ ತೊಡಗಿದರೆ, ಇಂದು ‘ಒಬ್ಬ ಮುದುಕಿ’ ಎಂದು ಉಳಿದಿರುವ ಎಷ್ಟೋ ದಾಖಲೆಗಳು ಇನ್ನೂ ಹೆಸರು ಪಡೆಯಬಹುದು. ಹೇಳಬಲ್ಲ ಮೊಮ್ಮಕ್ಕಳು ಊರಿನಲ್ಲಿರುವಾಗಲೇ ಆ ಕೆಲಸ ಆಗಬೇಕು.